ಶನಿವಾರ ಬಾರದ ಕೆಂಪು

ಅಲೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಗೆ ನನ್ನ ಗುರುಗಳ ಕಾಲದಲ್ಲಿ ಖಚಿತ ಉತ್ತರವಿರಲಿಲ್ಲ.

ಹೃದಯದ ಒಂದು ಬಡಿತ ಕಾಗದದ ಮೇಲೆ ಮೊದಲು ಚೂಪಾದ ಗೆರೆಯಾಗಿ ಏಳುತ್ತದೆ, ಆಮೇಲೆ ಮೆತ್ತನೆಯ ದಿಬ್ಬವಾಗಿ ಇಳಿಯುತ್ತದೆ. ಗೆರೆ ಏಳುವಲ್ಲಿಂದ ದಿಬ್ಬ ಮುಗಿಯುವವರೆಗಿನ ಹೊತ್ತಿಗೆ ಕ್ಯೂಟಿ ಎನ್ನುತ್ತೇವೆ. ಒಮ್ಮೆ ಬಡಿದ ಹೃದಯ ಮುಂದಿನ ಬಡಿತಕ್ಕೆ ಸಿದ್ಧವಾಗಲು ತೆಗೆದುಕೊಳ್ಳುವ ಸಮಯ ಅದು. ಕೆಲವು ಔಷಧಗಳು ಅದನ್ನು ಹಿಗ್ಗಿಸುತ್ತವೆ. ಮಿತಿ ಮೀರಿ ಹಿಗ್ಗಿದರೆ, ಇನ್ನೂ ಸಿದ್ಧವಾಗದ ಹೃದಯದ ಮೇಲೆ ಮುಂದಿನ ಬಡಿತ ಬಂದು ಬೀಳುತ್ತದೆ. ಲಯ ಕೆಡುತ್ತದೆ. ಮನುಷ್ಯ ಕುಳಿತಲ್ಲೇ ಕುಸಿಯಬಹುದು.

ತೊಂದರೆಯೆಂದರೆ ದಿಬ್ಬದ ಕೊನೆ. ಅದು ಮುಗಿಯುವುದಿಲ್ಲ, ಕರಗುತ್ತದೆ. ಅಲೆ ಯಾವುದು, ಅದರ ಮುಂದಿನ ಮೌನ ಯಾವುದು ಎಂದು ಇಬ್ಬರು ವೈದ್ಯರು ಒಂದೇ ಕಾಗದದ ಮೇಲೆ ಎರಡು ಕಡೆ ಗುರುತು ಹಾಕುತ್ತಿದ್ದರು. ನನ್ನ ಗುರುಗಳು ಪೆನ್ಸಿಲ್ ಹಿಡಿದು ಆ ಇಳಿಜಾರಿನ ಮುಂದೆ ಎಷ್ಟೋ ಹೊತ್ತು ಸುಮ್ಮನೆ ಕೂರುತ್ತಿದ್ದರು. ನಾನು ಈ ಕೆಲಸಕ್ಕೆ ಬಂದದ್ದು ಅವರ ಪಾಂಡಿತ್ಯಕ್ಕೆ ಮಾರುಹೋಗಿ ಅಲ್ಲ, ಆ ಸುಮ್ಮನಿರುವಿಕೆಗೆ.

ಈಗ ಕಾಂತಪಟ್ಟಿ ಬಂದಿದೆ. ಎದೆಗೆ ಸುತ್ತಿಕೊಳ್ಳುವ ಬಟ್ಟೆಯ ಪಟ್ಟಿ. ಅದರೊಳಗೆ ರಾಗಿ ಕಾಳಿನಷ್ಟು ಸಣ್ಣ ಕೃತಕ ವಜ್ರಗಳಿವೆ. ಪ್ರತಿ ಬಡಿತಕ್ಕೂ ಹೃದಯದ ಸುತ್ತ ಹುಟ್ಟಿ ಅಳಿಯುವ, ಭೂಮಿಯ ಕಾಂತಬಲದ ಲಕ್ಷದಲ್ಲೊಂದು ಪಾಲೂ ಇಲ್ಲದ ಕಾಂತವನ್ನು ಆ ಕಾಳುಗಳು ಅಂಗಿಯ ಮೇಲಿಂದಲೇ ಅರಿಯುತ್ತವೆ. ಅಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಸೂಕ್ಷ್ಮವಾಗಿ ಹೇಳುತ್ತವೆ. ಧಾರವಾಡದ ನಮ್ಮ ಮಾಪನ ಕೇಂದ್ರದ ಗೋಡೆಯ ಮೇಲೆ ದಿನವೂ ಬೆಳಿಗ್ಗೆ ಹತ್ತಕ್ಕೆ ಎರಡು ಸಾವಿರದ ಇನ್ನೂರು ಹೃದಯಗಳು ಹಸಿರು ಚುಕ್ಕೆಗಳಾಗಿ ಮೂಡುತ್ತವೆ. ನಾಲ್ಕು ವರ್ಷ ನೋಡಿದರೂ ಆ ಕ್ಷಣದಲ್ಲಿ ನಾನು ಕೈಯಲ್ಲಿನ ಕೆಲಸ ಬಿಟ್ಟು ಗೋಡೆ ನೋಡುತ್ತೇನೆ.

ಅವೆಲ್ಲ ಹಳೆಯ ಔಷಧಗಳಿಗೆ ಬಗ್ಗದ ಕ್ಷಯದ ರೋಗಿಗಳ ಹೃದಯಗಳು. ಅವರು ನುಂಗುವ ಹೊಸ ಮಾತ್ರೆಗೆ ಕಾಗದದ ಮೇಲೆ ಉದ್ದ ಹೆಸರಿದೆ, ಜನರ ಬಾಯಲ್ಲಿ ಅದು ಕಂದು ಗುಳಿಗಿ. ಪ್ರತಿ ಮನೆಯಲ್ಲೂ ಒಂದು ಪೆಟ್ಟಿಗೆ. ಬೆಳಿಗ್ಗೆ ಆರಕ್ಕೆ ಅದು ತೆರೆದು ಒಂದು ಗುಳಿಗೆ ಕೊಡುತ್ತದೆ. ನಾಲ್ಕು ಗಂಟೆಯ ನಂತರ, ಔಷಧ ರಕ್ತದಲ್ಲಿ ತುಂಬಿ ನಿಂತ ಹೊತ್ತಿಗೆ, ರೋಗಿ ಪಟ್ಟಿ ಕಟ್ಟಿಕೊಂಡು ಹತ್ತು ನಿಮಿಷ ಮಲಗಬೇಕು. ಕೆಮ್ಮು, ಮಗ್ಗುಲು ಬದಲಿಸುವುದು ಎಲ್ಲ ಇರುತ್ತದಾದ್ದರಿಂದ, ಯಂತ್ರ ಆ ಹತ್ತು ನಿಮಿಷದಲ್ಲಿ ಅತ್ಯಂತ ನಿಶ್ಚಲವಾದ ಐವತ್ತು ಸೆಕೆಂಡನ್ನು ಆರಿಸಿಕೊಂಡು ಅಳೆಯುತ್ತದೆ. ಬಂದ ಸಂಖ್ಯೆಯನ್ನು ಹೃದಯದ ಆಗಿನ ವೇಗಕ್ಕೆ ತಕ್ಕಂತೆ ತಿದ್ದುತ್ತದೆ. ಐನೂರು ಮಿಲಿಸೆಕೆಂಡು ದಾಟಿದರೆ ಚುಕ್ಕೆ ಕೆಂಪು. ಎರಡು ವಾರದಲ್ಲಿ ಹತ್ತು ಕೆಂಪು ಬಂದರೆ ಪೆಟ್ಟಿಗೆ ಮತ್ತೆ ತೆರೆಯುವುದಿಲ್ಲ.

ಜೂನ್ ತಿಂಗಳ ಆ ಗುರುವಾರ, 4417 ಎಂಬ ನೋಂದಣಿ ಸಂಖ್ಯೆಯ ಚುಕ್ಕೆಗೆ ಒಂಬತ್ತನೆಯ ಕೆಂಪು ಬಂತು.

*

"ಎಷ್ಟು?" ಎಂದರು ಡಾಕ್ಟರ್ ಮೃಣಾಲಿನಿ ಜಮಖಂಡಿ. ನಮ್ಮ ಕೇಂದ್ರದ ಮುಖ್ಯಸ್ಥೆ. ಕನ್ನಡಕ ಹಣೆಯ ಮೇಲಿತ್ತು, ಕೈಯಲ್ಲಿ ಆರಿದ ಚಹಾ.

"ಐನೂರಾ ಆರು, ಮೇಡಮ್."

"ಗುಳಿಗಿ ಸುರು ಮಾಡಿ ಎಷ್ಟನೇ ವಾರ?"

"ಒಂಬತ್ತು. ಏಳನೇ ವಾರದ ತನಕ ನಾನೂರಾ ಅರವತ್ತರ ಆಚೆ ಈಚೆ ಇತ್ತು. ಎಂಟನೇ ವಾರದ ಸೋಮವಾರದಿಂದ ಒಮ್ಮೆಲೇ ಏರಿದೆ."

"ಏರೂದs ಹಂಗ. ಈ ಗುಳಿಗಿ ಮೈಯಾಗ ನಿಧಾನ ಕೂಡ್ತದ. ಎಂಟನೇ ವಾರಕ್ಕ ಹೃದಯ ಹೇಳ್ತದ, ಸಾಕಪಾ ಅಂತ." ಚಹಾವನ್ನು ಅವರು ಕುಡಿಯದೆ ಕೆಳಗಿಟ್ಟರು. "ನಾಳೆ ಹತ್ತನೇದು ಬರ್ತದ. ಕಾಗದ ತಯಾರ್ ಮಾಡಿ ಇಡು."

"ಮೇಡಮ್, ಇವರಿಗೆ ಬೇರೆ ಔಷಧ ಉಳಿದಿಲ್ಲ. ಎರಡು ಸುತ್ತಿನ ಹಳೆಯ ಔಷಧಗಳು ಸೋತಿವೆ. ಇದು ನಿಂತರೆ..."

"ಗೊತ್ತದ."

"ಕೆಂಪು ಶನಿವಾರ, ಭಾನುವಾರ ಬಂದಿಲ್ಲ. ಸೋಮವಾರದಿಂದ ಶುಕ್ರವಾರ ಮಾತ್ರ."

ಅವರು ನಕ್ಕರು. "ಹೌದೇನು? ಸರಕಾರಿ ಹೃದಯ ಅಂದಂಗಾತು. ವಾರಕ್ಕೆ ಐದs ದಿನ ಕೆಲಸ."

ನನಗೆ ನಗು ಬರಲಿಲ್ಲ. ಅವರ ನಗುವೂ ಬೇಗ ಆರಿತು. ಅವರ ಮೇಜಿನ ಮೂಲೆಯಲ್ಲಿ ಮಡಿಸಿಟ್ಟ ಒಂದು ಹಳೆಯ ಕಾಂತಪಟ್ಟಿ ಇದೆ. ಮೂರು ವರ್ಷದ ಹಿಂದೆ ಒಬ್ಬ ಲಾರಿ ಕ್ಲೀನರನಿಗೆ ಬಂದ ಎರಡು ಕೆಂಪುಗಳನ್ನು, ಪಟ್ಟಿ ಸಡಿಲವಾಗಿತ್ತೆಂದು ಅವರು ಅಳಿಸಿದ್ದರು. ಪಟ್ಟಿ ಸಡಿಲವಾಗಿರಲಿಲ್ಲ. ಆತ ಟಯರ್ ಬದಲಿಸುತ್ತ ಸತ್ತ. ಆ ಪಟ್ಟಿಯನ್ನು ಅವರು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. 

"ಚಿದಂಬರ," ಎಂದರು, "ಕೆಂಪು ಅಳಿಸಬೇಕಾದ್ರ ಕಾರಣ ದಾಖಲೆಯೊಳಗs ಕಾಣಬೇಕು. ಕತಿ ಬ್ಯಾಡ. ತೋರ್ಸು, ಅಳಸ್ತೀನಿ. ತೋರಸಲಿಲ್ಲಂದ್ರ ಆ ಹೆಣ್ಣಮಗಳು ಗುಳಿಗಿಯಿಂದ ಸಾಯಬಾರದು ಅನ್ನೂದಷ್ಟs ನನ್ನ ಕೆಲಸ."

*

4417 ಎಂದರೆ ಗದಗ-ಬೆಟಗೇರಿಯ ತಾರಾಬಾಯಿ ಹೊಂಬಳ, ವಯಸ್ಸು ಅರವತ್ತಮೂರು, ನಿವೃತ್ತ ಶಿಕ್ಷಕಿ. ತಂಗಿಯ ಜೊತೆ ವಾಸ. ದಿನವೂ ಅಳತೆಯ ನಂತರ ಪೆಟ್ಟಿಗೆ ಕೇಳುವ ಮೂರು ಪ್ರಶ್ನೆಗಳಿಗೆ ಅವರು ತಪ್ಪದೆ ಉತ್ತರಿಸಿದ್ದರು. ಗುಳಿಗೆ ತೆಗೆದುಕೊಂಡಿರಾ? ಹೌದು. ತಲೆ ತಿರುಗಿತೆ? ಇಲ್ಲ. ಅಳತೆಯ ಹೊತ್ತಿನಲ್ಲಿ ಎದ್ದು ಓಡಾಡಿದಿರಾ? ಇಲ್ಲ. ಅರವತ್ತು ದಿನ, ಅರವತ್ತು ಸಲ ಇಲ್ಲ.

ಮೇಡಮ್ ನೋಡುವುದು ಯಂತ್ರ ಆರಿಸಿದ ಐವತ್ತು ಸೆಕೆಂಡನ್ನು. ನಾನು ಪೂರ್ತಿ ಹತ್ತು ನಿಮಿಷ ತೆರೆದೆ.

ಮೊದಲ ನಾಲ್ಕು ನಿಮಿಷ ನಿಮಿಷಕ್ಕೆ ಎಪ್ಪತ್ತೆರಡು ಬಡಿತ. ಆಮೇಲೆ ಸ್ವಲ್ಪ ಅಲುಗಾಟ, ಒಮ್ಮೆಲೇ ತೊಂಬತ್ತಾರು. ಅದರ ಹಿಂದೆಯೇ ಬರುತ್ತಿತ್ತು ಯಂತ್ರ ಆರಿಸಿದ ಭಾಗ, ಕಲ್ಲಿನಷ್ಟು ನಿಶ್ಚಲ. ಯಾವ ರೋಗಿಯಲ್ಲೂ ಅಂಥ ನಿಶ್ಚಲತೆಯನ್ನು ನಾನು ಕಂಡಿರಲಿಲ್ಲ. ಮತ್ತೆ ಅಲುಗಾಟ. ಮತ್ತೆ ಎಪ್ಪತ್ತೆರಡು.

ಎಂಟನೇ ವಾರದಿಂದ ಎಲ್ಲ ಕೆಂಪು ದಿನಗಳಲ್ಲೂ ಇದೇ. ಹಾಗಾದರೆ ಹೃದಯದ ವೇಗ ಏಕೆ ಏರಿತು? ಇಲ್ಲಿ ಒಂದು ಮಾತು ಹೇಳಬೇಕು. ವೇಗ ಏರಿದಾಗ ಕ್ಯೂಟಿ ಕುಗ್ಗಬೇಕು, ಆದರೆ ಅದು ಕೂಡಲೇ ಕುಗ್ಗುವುದಿಲ್ಲ. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಹೆಜ್ಜೆ ಜೋರು ಮಾಡಿದರೂ ಹಿಂದೆ ಬರುವ ಮುದುಕರು ತಮ್ಮ ಹಳೆಯ ನಡಿಗೆಯಲ್ಲೇ ಬರುತ್ತಾರಲ್ಲ, ಹಾಗೆ. ಎರಡು ಮೂರು ನಿಮಿಷ ಕ್ಯೂಟಿ ಹಳೆಯ ವೇಗದ ನೆನಪಿನಲ್ಲೇ ಇರುತ್ತದೆ. ಹೃದಯ ತನ್ನ ಹಿಂದಿನ ಬಡಿತಗಳನ್ನು ಮರೆಯಲು ಅಷ್ಟು ಹೊತ್ತು ಬೇಕು. ಆ ನಡುವೆ ಅಳೆದರೆ, ಯಂತ್ರ ಹಳೆಯ ನೆನಪನ್ನು ಹೊಸ ವೇಗಕ್ಕೆ ಹೋಲಿಸಿ, ಅಂತರ ಹಿಗ್ಗಿದೆ ಎನ್ನುತ್ತದೆ.

ಆದರೆ ಮಲಗಿದ್ದ ಹೆಂಗಸಿನ ಹೃದಯ ದಿನವೂ ಅದೇ ಹೊತ್ತಿಗೆ ಏಕೆ ಓಡಬೇಕು? ಎದ್ದಿಲ್ಲ ಎಂದು ಅವರೇ ಹೇಳುತ್ತಾರೆ. ನಿಂತ ಮನುಷ್ಯ ತೂಗಾಡದೆ ಇರಲಾರ ಎಂಬ ನಂಬಿಕೆಯಿಂದ, ಮಲಗಿದ್ದಾರೋ ನಿಂತಿದ್ದಾರೋ ಎಂದು ನೋಡುವ ಭಾಗವನ್ನು ಪಟ್ಟಿ ಹಗುರಾಗಲೆಂದು ಕೈಬಿಟ್ಟಿದ್ದರು. ಅಲುಗಾಟ ಇಲ್ಲವೆಂದರೆ ಮಲಗಿದ್ದಾರೆ ಎಂದೇ ಅರ್ಥ.

ನನಗೊಂದು ಚಾಳಿ ಇದೆ. ಪಟ್ಟಿಯ ವಜ್ರಗಳು ಹೃದಯದ ಕಾಂತದ ಜೊತೆಗೆ ಮನೆಯ ಫ್ಯಾನು, ಮಿಕ್ಸರು, ತಂತಿಗಳ ಕಾಂತವನ್ನೂ ಹಿಡಿಯುತ್ತವೆ. ಗಣಕ ಅದನ್ನೆಲ್ಲ ಸೋಸಿ ಬೇರೆ ಕಡತಕ್ಕೆ ಎಸೆಯುತ್ತದೆ. ಕೇಂದ್ರದಲ್ಲಿ ಅದರ ಹೆಸರೇ ಕಸ. ಕೆಲಸವಿಲ್ಲದ ಹೊತ್ತಿನಲ್ಲಿ ನಾನು ಕಸವನ್ನು ಧ್ವನಿಯಾಗಿಸಿ ಕಿವಿಗೆ ಹಾಕಿಕೊಳ್ಳುತ್ತೇನೆ. ಒಂದೊಂದು ಮನೆಗೂ ಒಂದೊಂದು ಗುಂಯ್‌ಗುಡುವಿಕೆ. ಇದರಿಂದ ಯಾರಿಗೂ ಉಪಯೋಗವಿಲ್ಲ.

4417ರ ಕಸ ಕೇಳಿದೆ. ಫ್ಯಾನಿನ ಒಂದೇ ಶ್ರುತಿ. ಅದರ ಮೇಲೆ ಇನ್ನೊಂದು ಮೋಟಾರು, ಏರುತ್ತ ಇಳಿಯುತ್ತ, ಗರ್ರ್ ಎಂದು ಓಡಿ, ನಿಂತು, ಮತ್ತೆ ಓಡುವುದು. ಹೊಲಿಗೆ ಯಂತ್ರ. ನಾಲ್ಕು ನಿಮಿಷ ಅದರ ಸದ್ದು. ಆಮೇಲೆ ಅದು ನಿಂತಿತು. ಫ್ಯಾನು ತಿರುಗುತ್ತಲೇ ಇತ್ತು, ಅಂದರೆ ಕರೆಂಟು ಹೋಗಿರಲಿಲ್ಲ. ನಾನು ಕಾದೆ. ಮೋಟಾರು ಮತ್ತೆ ಗರ್ರ್ ಎಂದಿತು.

ಹಿಂದಿನ ದಿನದ ಕಸ ತೆರೆದೆ. ಅದೇ ಮೌನ. ಅದರ ಹಿಂದಿನ ದಿನವೂ. ಶನಿವಾರ, ಭಾನುವಾರ ಹೊಲಿಗೆಯಿತ್ತು, ಆ ಮೌನವಿರಲಿಲ್ಲ. ಮೌನದ ಉದ್ದ ಅಳೆದೆ. ಒಂದು ದಿನ ಐವತ್ತೈದು ಸೆಕೆಂಡು, ಒಂದು ದಿನ ಐವತ್ತೊಂದು. ಉಳಿದೆಲ್ಲ ದಿನ ಐವತ್ತೆರಡು.

ಐವತ್ತೆರಡು.

ಕುರ್ಚಿಯಲ್ಲಿ ಕೂತಿದ್ದ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಸಂಖ್ಯೆಯನ್ನು ಶಾಲೆಗೆ ಹೋದ ಯಾರೂ ಮರೆತಿರುವುದಿಲ್ಲ. ಎಂಟನೇ ವಾರದ ಸೋಮವಾರ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದಿದ್ದವು. ಶನಿವಾರ ಮಾತ್ರ ಮುಂಜಾನೆ ಶಾಲೆ, ಎಂಟಕ್ಕೇ ಪ್ರಾರ್ಥನೆ ಮುಗಿದಿರುತ್ತದೆ.

*

ಫೋನ್ ಎತ್ತಿದ್ದು ತಂಗಿ. "ಅಕ್ಕಾ, ಧಾರವಾಡದವ್ರು. ಗ್ಯಾಪಿನ ಸುದ್ದಿ ಇರಬೇಕು." ಆ ಕಡೆಯ ಜನ ಕ್ಯೂಟಿಗೆ ಗ್ಯಾಪು ಎನ್ನುತ್ತಾರೆ.

"ಹೇಳ್ರಿ ಸರ, ನಂದು ಗ್ಯಾಪು ಎಷ್ಟು ಬಂತು ಇವತ್ತ?" ತಾರಾಬಾಯಿಯವರ ದನಿ ಸಣ್ಣದಾಗಿತ್ತು, ಆದರೆ ಅಂಗಳದ ಆ ತುದಿಗೆ ಮುಟ್ಟಿಸುವ ಅಭ್ಯಾಸ ಅದರಲ್ಲಿ ಉಳಿದಿತ್ತು.

"ಅಕ್ಕೋರೆ, ನಿಮ್ಮ ಮನೆ ಹತ್ತಿರ ಶಾಲೆ ಇದೆಯಾ?"

"ಹತ್ರ ಏನ್ರಿ, ಗ್ವಾಡಿಗೆ ಗ್ವಾಡಿ ಹತ್ಯಾವ. ಇಪ್ಪತ್ತೊಂಬತ್ತು ವರ್ಷ ಅಲ್ಲೇ ಪಿ.ಟಿ. ಮಾಡಸೀನಿ."

"ಅಳತೆಯ ಹೊತ್ತಿನಲ್ಲಿ ರಾಷ್ಟ್ರಗೀತೆ ಬರುತ್ತದಲ್ಲ, ಆಗ ನೀವು ಏನು ಮಾಡುತ್ತೀರಿ?"

"ಏನ್ ಮಾಡೂದ್ರಿ? ನಿಂದರತೀನಿ."

"ಆದರೆ ಎದ್ದಿಲ್ಲ ಅಂತ ದಿನಾ ಹೇಳಿದ್ದೀರಲ್ಲ."

 ದನಿಗೆ ತುಸು ಸಿಟ್ಟು ಬಂತು. "ಸರ, ನಾ ಸುಳ್ಳ ಹೇಳೂ ಪೈಕಿ ಅಲ್ಲ. ಪೆಟಿಗಿ ಏನ್ ಕೇಳ್ತದ? ಎದ್ದು ಓಡಾಡಿದ್ರೇನು ಅಂತ. ಓಡಾಡಿಲ್ಲ. ನಿಂತೀನಿ. ರಾಷ್ಟ್ರಗೀತೆಗೆ ಓಡಾಡ್ತಾರೇನ್ರಿ ಯಾರಾದ್ರೂ?"

ಹಿಂದಿನಿಂದ ತಂಗಿಯ ದನಿ ಕೇಳಿತು: "ಅಕಿ ನಿಂತ್ಲಂದ್ರ ನಾನೂ ಮಷೀನ್ ಬಂದ್ ಮಾಡಬೇಕ್ರಿ ಸರ. ಇಲ್ಲಂದ್ರ ಆ ಕಣ್ಣ ನೋಡಬೇಕು ನೀವು! ರಿಟೈರ್ ಆದ್ರೂ ಶಿಸ್ತಿಗೆ ಪೆನ್ಶನ್ ಕೊಟ್ಟಿಲ್ಲ ಅಕಿ."

*

ನಾನು ಮೌನದ ನಕ್ಷೆಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸಿದೆ. ಮೇಡಮ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಬಹಳ ಹೊತ್ತು ನೋಡಿದರು.

"ಚೆಂದ ಅದ," ಎಂದರು ಮೆಲ್ಲಗೆ. "ಆದ್ರ ಇದು ಹೊಲಿಗಿ ಮಷೀನ್ ನಿಂತದ ಅನ್ನೂದಕ್ಕ ಪುರಾವೆ. ಗ್ಯಾಪು ಏರಿದ್ದು ಆಕಿ ಎದ್ದು ನಿಂತದ್ದರಿಂದ ಅನ್ನೂದಕ್ಕ ಅಲ್ಲ. ಗುಳಿಗಿ ಒಳಗೊಳಗs ಕೆಡಸ್ಲಿಕ್ಕೆ ಹತ್ತಿದ್ರ? ಇನ್ನೊಂದು ಪಟ್ಟಿ ನನ್ನ ಟೇಬಲ್ ಮ್ಯಾಲೆ ಇಡ್ಲಿಕ್ಕೆ ನಾ ತಯಾರಿಲ್ಲ, ಚಿದಂಬರ."

"ಅಳತೆಯ ಹೊತ್ತು ಬದಲಿಸಿದರೆ?"

"ಸಮಿತಿ ಮುಂದ ಹೋಗಬೇಕು. ಹದಿನೈದು ದಿನ. ನಾಳೆ ಹತ್ತನೇ ಕೆಂಪು ಬಂದ್ರ ಪೆಟಿಗಿ ತಾನs ಮುಚ್ಚತದ, ನನ್ನ ಕೇಳೂದಿಲ್ಲ." ಅವರು ಆ ಹಳೆಯ ಪಟ್ಟಿಯನ್ನು ಬೆರಳಿನಿಂದ ಸ್ವಲ್ಪ ಸರಿಸಿದರು. "ಬೆಟಗೇರಿಗೆ ಹೋಗು. ನಾಳೆ ಆ ಐವತ್ತೆರಡು ಸೆಕೆಂಡು ಆಕಿ ಮಲಗಿರಬೇಕು. ನೀ ಕಣ್ಣಾರೆ ನೋಡಬೇಕು, ನಾ ಇಲ್ಲಿಂದ ಪೂರ್ತಿ ಹತ್ತು ನಿಮಿಷ ನೋಡ್ತೀನಿ. ಮಲಗಿದಾಗ ಐನೂರರ ಕೆಳಗ ಬಂದ್ರ ಒಂಬತ್ತೂ ಅಳಸ್ತೀನಿ. ಮಲಗಿದ್ರೂ ದಾಟಿತಂದ್ರ..."

ಅವರು ಕನ್ನಡಕವನ್ನು ಮತ್ತೆ ಹಣೆಗೇರಿಸಿದರು.

*

ಮೊದಲ ಬಸ್ಸಿಗೆ ಹೊರಟು ಒಂಬತ್ತಕ್ಕೆ ಬೆಟಗೇರಿ ಮುಟ್ಟಿದೆ. ಒಂದೇ ದೊಡ್ಡ ಕೋಣೆಯ ಮನೆ. ಒಂದು ಬದಿಗೆ ತಾರಾಬಾಯಿಯವರ ಮಂಚ, ಇನ್ನೊಂದು ಬದಿಗೆ ತಂಗಿ ಪಾರೂಬಾಯಿಯ ಹೊಲಿಗೆ ಯಂತ್ರ, ನಡುವೆ ನೀಲಿ ಸ್ಕರ್ಟು, ಬಿಳಿ ಅಂಗಿಗಳ ಗುಡ್ಡ. ಜೂನ್ ಎಂದರೆ ಸಮವಸ್ತ್ರದ ಸುಗ್ಗಿ, ಭಾನುವಾರವೂ ಬಿಡುವಿಲ್ಲ ಎಂದರು ಪಾರೂಬಾಯಿ. ಕಿಟಕಿಯಾಚೆ ಶಾಲೆಯ ಅಂಗಳ.

ತಾರಾಬಾಯಿ ತೆಳ್ಳಗಿದ್ದರು. ಎಂಟು ವಾರದ ಗುಳಿಗೆಯಿಂದ ಕೆಮ್ಮು ಇಳಿದು, ಎರಡು ಕಿಲೋ ತೂಕ ಮರಳಿ ಬಂದಿತ್ತಂತೆ. ಆ ಎರಡು ಕಿಲೋದ ಸುದ್ದಿಯನ್ನು ಹೇಳುವಾಗ ಅವರ ಮುಖ ನೋಡಲು ನನಗಾಗಲಿಲ್ಲ. ಮಾಸ್ಕಿನ ಒಳಗಿಂದಲೇ ನಾನು ಎಲ್ಲವನ್ನೂ ಹೇಳಿದೆ. ಯಂತ್ರ ಆರಿಸುವ ಐವತ್ತು ಸೆಕೆಂಡು, ಹೃದಯದ ನೆನಪು, ಹತ್ತನೆಯ ಕೆಂಪು.

"ಅಂದ್ರ ಇವತ್ತ ನಾ ಮಲಗಿಕೊಂಡು ಕೇಳಬೇಕು," ಎಂದರು.

"ಒಂದೇ ದಿನ, ಅಕ್ಕೋರೆ."

"ಮಳ್ಯಾಗ ನಿಂತೀನಿ. ಕಾಲ ಮುರದಾಗ ಕೋಲ ಹಿಡದ ನಿಂತೀನಿ. ನಮ್ಮವ್ವ ಸತ್ತ ಸುದ್ದಿ ಬಂದ ದಿನ ಪ್ರಾರ್ಥನಿ ನಡದಿತ್ತು, ಮುಗಿಯೂತನಕ ನಿಂತೆ, ಆಮ್ಯಾಲೆ ಅತ್ತೆ." ಅವರು ಕಿಟಕಿಯತ್ತ ನೋಡಿದರು. "ನನ್ನ ಕಾಲು ನನ್ನ ಮಾತ ಕೇಳೂದಿಲ್ರಿ ಸರ."

"ಶಾಲೆಯವರಿಗೆ ಹೇಳಿ ಹತ್ತು ನಿಮಿಷ ತಡ ಮಾಡಿಸಲೇ?"

"ಛೇ! ನನ್ನೊಬ್ಬಾಕಿ ಸಲುವಾಗಿ ನಾಕನೂರು ಮಕ್ಕಳು ಬಿಸಲಾಗ ಕಾಯೂದು? ಬ್ಯಾಡ."

ಪಾರೂಬಾಯಿ ಸೂಜಿಗೆ ದಾರ ಪೋಣಿಸುತ್ತಲೇ ಸಿಡುಕಿದರು: "ಎರಡು ಔಷಧ ಹೋದವು. ಇದೂ ಹೋದ್ರ ಮುಂದಿನ ವರ್ಷ ನೀ ಎಲ್ಲಿ ನಿಂದರತಿ? ನನ್ನ ಎದಿ ಮ್ಯಾಲೆ ನಿಂದರತಿ. ಮಲಕೋ ಸುಮ್ನ!"

 ದಾರ ಸೂಜಿಗೆ ಸಿಗುತ್ತಿರಲಿಲ್ಲ.

"ಸರ," ಎಂದರು ತಾರಾಬಾಯಿ ಕಡೆಗೆ, "ಮಲಗಿ ಪಿ.ಟಿ.ದಾಗಿನ ಸಾವಧಾನ ಇರಬಹುದೇನ್ರಿ? ಹಂಗಂತ ನಿಯಮದಾಗ ಎಲ್ಲರೆ ಬ್ಯಾಡ ಅಂದದೇನು?"

"ಇಲ್ಲ."

"ಅಷ್ಟ ಸಾಕು."

"ನಿನ್ನ ಪಾಳಿ ನಾ ನಿಂದರತೀನಿ," ಎಂದರು ಪಾರೂಬಾಯಿ.

"ನೀ? ಸೊಟ್ಟ ನಿಂದರತಿ ನೀ."

"ನಿಂದರತೀನಿ ಬಾ, ನೋಡೀಯಂತ."

*

ಹತ್ತಕ್ಕೆ ಪಟ್ಟಿ ಕಟ್ಟಿಕೊಂಡು ಅವರು ಮಲಗಿದರು. ನನ್ನ ಫೋನಿನ ಆ ತುದಿಯಲ್ಲಿ ಮೇಡಮ್. ಕೈಯಲ್ಲಿದ್ದ ಪರದೆಯ ಮೇಲೆ ತಾರಾಬಾಯಿಯವರ ಹೃದಯ: ವೇಗ ಎಪ್ಪತ್ತೊಂದು, ತಿದ್ದಿದ ಕ್ಯೂಟಿ ನಾನೂರಾ ಅರವತ್ತನಾಲ್ಕು. ಗೋಡೆಯಾಚೆ ಪ್ರಾರ್ಥನೆ ನಡೆದಿತ್ತು. ಒಬ್ಬ ಹುಡುಗಿ ಸುದ್ದಿ ಓದಿದಳು. ಪ್ರತಿಜ್ಞೆ ಮುಗಿಯಿತು. ಹೊಲಿಗೆ ಯಂತ್ರ ಗರ್ರ್ ಎನ್ನುತ್ತಿತ್ತು.

ಆಮೇಲೆ ಅಂಗಳ ಸುಮ್ಮನಾಯಿತು.

ನಾಲ್ಕು ನೂರು ಮಕ್ಕಳು ಒಟ್ಟಿಗೆ ಸುಮ್ಮನಾಗುವ ಆ ಹೊತ್ತು. ಅದು ಬರೀ ಸದ್ದಿಲ್ಲದಿರುವುದಲ್ಲ. ಅದಕ್ಕೊಂದು ಭಾರವಿದೆ. ಚಿಕ್ಕವನಾಗಿದ್ದಾಗ ಸಾಲಿನಲ್ಲಿ ನಿಂತು ನಾನು ಹಾಡಿಗಿಂತ ಹೆಚ್ಚು ಅದಕ್ಕೇ ಕಾಯುತ್ತಿದ್ದೆ.

"ಸಾವಧಾನ್!" ಎಂದಿತು ಯಾವುದೋ ಎಳೆಯ ದನಿ.

ಪಾರೂಬಾಯಿ ಎದ್ದು ನಿಂತರು. ಸೊಟ್ಟವಾಗಿಯೇ ನಿಂತರು. ನಾನೂ ನಿಂತೆ. ಹಾಡು ಶುರುವಾಯಿತು.

ಮಂಚದ ಮೇಲೆ ತಾರಾಬಾಯಿ ಹಿಮ್ಮಡಿ ಕೂಡಿಸಿದರು. ಮುಷ್ಟಿಗಳು ತೊಡೆಯ ಪಕ್ಕಕ್ಕೆ ಹೋದವು. ಗದ್ದ ಎತ್ತಿ, ಕಣ್ಣು ಮಾಳಿಗೆಯ ಒಂದೇ ತೊಲೆಯ ಮೇಲೆ ನಟ್ಟು, ಆ ಜೀರ್ಣ ಶರೀರ ಮಲಗಿದಲ್ಲೇ ನೆಟ್ಟಗೆ ನಿಂತಿತು. ಬೇರೆ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ. ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದ್ದರೆ ಅವರು ಅಂಗಳದಲ್ಲಿ ನಿಂತ ಹಾಗೆಯೇ ಕಾಣುತ್ತಿದ್ದರು.

ಆಗ ನನಗೆ ಹೊಳೆಯಿತು. ಅವರು ಮತ್ತೆ ಕಲ್ಲಾಗಿದ್ದರು. ಯಂತ್ರ ಇವತ್ತೂ ಇದೇ ಐವತ್ತು ಸೆಕೆಂಡನ್ನು ಆರಿಸುತ್ತದೆ. ಪರದೆಯ ಮೇಲೆ ವೇಗ ಏರುತ್ತಿತ್ತು. ಎಪ್ಪತ್ತೆಂಟು. ಎಂಬತ್ತೊಂದು. ದೇಹ ಮಲಗಿತ್ತು, ಹೃದಯ ಮಾತ್ರ ಎದ್ದು ನಿಲ್ಲುತ್ತಿತ್ತು. ಕ್ಯೂಟಿ ಹಿಂದೆ ಉಳಿದು ಸಂಖ್ಯೆ ಹಿಗ್ಗುತ್ತಿತ್ತು. ನಾನೂರಾ ಎಪ್ಪತ್ತೈದು. ನಾನೂರಾ ಎಂಬತ್ತೆರಡು. ನಾನೂರಾ ತೊಂಬತ್ತು. ಸುಮ್ಮನೆ ಸಡಿಲವಾಗಿ ಮಲಗಿರಿ ಎಂದು ನಾನು ಮೊದಲೇ ಹೇಳಬೇಕಿತ್ತು. ಈಗ ಬಾಯಿ ತೆರೆಯುವಂತಿರಲಿಲ್ಲ. ತೆರೆದರೂ ಅವರು ಕೇಳುತ್ತಿರಲಿಲ್ಲ. ನಾನೂರಾ ತೊಂಬತ್ತಮೂರು. ತಾರಾಬಾಯಿಯವರ ಕಣ್ಣಿನ ಮೂಲೆಯಿಂದ ನೀರು ಕಿವಿಯತ್ತ ಇಳಿಯಿತು. ಒರೆಸಲು ಕೈ ಏಳಲಿಲ್ಲ.

ಹಾಡು ಮುಗಿಯಿತು. ಜೈಕಾರಕ್ಕೆ ಕಿಟಕಿಯ ಗಾಜು ಝಲ್ಲೆಂದಿತು.

ಪೆಟ್ಟಿಗೆ ತನ್ನ ಲೆಕ್ಕ ಮುಗಿಸಲು ಆರು ನಿಮಿಷ ತೆಗೆದುಕೊಂಡಿತು. ಪಾರೂಬಾಯಿ ಯಂತ್ರವನ್ನು ಮತ್ತೆ ಶುರು ಮಾಡಲಿಲ್ಲ.

ನಾನೂರಾ ಎಂಬತ್ತೊಂಬತ್ತು. ಹಸಿರು.

"ಮೇಡಮ್," ಎಂದೆ ಫೋನಿಗೆ. "ಬಂತು."

  ಆ ಕಡೆ ಕೀಲಿಮಣೆಯ ಟಕಟಕ ಕೇಳಿತು.

"ಚಿದಂಬರ, ಅಲ್ಲೆ ಹಾಡು ಸುರು ಆಗಿದ್ದು ಎಷ್ಟಕ್ಕ? ಸೆಕೆಂಡ್ ಹೇಳು."

ಪಾರೂಬಾಯಿಯ ಮೋಟಾರು ಸಾವಧಾನಕ್ಕೇ ನಿಂತಿತ್ತು; ಆ ಗುರುತಿಗೆ ಎರಡು ಸೆಕೆಂಡು ಕೂಡಿಸಿದೆ. "ಹತ್ತು ನಾಲ್ಕು, ಹದಿನೇಳನೇ ಸೆಕೆಂಡು."

"ಸಾವಧಾನ ಅಂದಿದ್ದು?"

"ಅದಕ್ಕೆ ಎರಡು ಸೆಕೆಂಡು ಮೊದಲು."

"ಆಕಿ ಹೃದಯ ಏರ್ಲಿಕ್ಕೆ ಸುರು ಮಾಡಿದ್ದು ಹನ್ನೊಂದನೇ ಸೆಕೆಂಡಿಗೆ." ಅವರು ನಿಧಾನವಾಗಿ, ತಮಗೇ ಓದಿಕೊಳ್ಳುವಂತೆ ಹೇಳಿದರು. "ಹಾಡಿಗಲ್ಲ. ಹುಕುಮಿಗೂ ಅಲ್ಲ. ಅದಕ್ಕೂ ಮೊದಲು. ಏನಿತ್ತು ಅಲ್ಲೆ, ಆ ನಾಲ್ಕು ಸೆಕೆಂಡಿನಾಗ?"

ನಾನು ಅಂಗಳದತ್ತ ನೋಡಿದೆ. ಮಕ್ಕಳು ಸಾಲು ಮುರಿದು ತರಗತಿಗಳಿಗೆ ಓಡುತ್ತಿದ್ದರು.

"ಏನೂ ಇರಲಿಲ್ಲ, ಮೇಡಮ್. ಮಕ್ಕಳು ಸುಮ್ಮನಾಗಿದ್ದರು."

ಅವರೆಂದರು, "ಯಾವ ಗುಳಿಗಿಗೂ ಅದು ಗೊತ್ತಾಗೂದಿಲ್ಲ." ಮತ್ತೆ, ಎಂದಿನ ದನಿಯಲ್ಲಿ: "ಒಂಬತ್ತೂ ಅಳಸ್ತೀನಿ. ಸಮಿತಿಗೆ ಕಾಗದ ಬರಿ, ಅಳತಿ ಹೊತ್ತು ಬದಲಿ ಮಾಡ್ಲಿ. ಆ ಮೂರನೇ ಪ್ರಶ್ನಿನೂ ತಿದ್ದಬೇಕು. ಅಲ್ಲೀತನಕ ಆಕಿ ಮಲಗಿಯೇ ಇರಲಿ ಅಂತ ಹೇಳು."

ಫೋನ್ ಇಡುವ ಮೊದಲು ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿತು. ಅಲ್ಲಿಯವರೆಗೆ ಅವರು ಕೂತಿರಲಿಲ್ಲವೆಂದು ನನಗೆ ಆಗ ತಿಳಿಯಿತು.

"ಏನಂತ್ರಿ?" ಎಂದರು ತಾರಾಬಾಯಿ. ಇನ್ನೂ ಹಿಮ್ಮಡಿ ಕೂಡಿಸಿಯೇ ಮಲಗಿದ್ದರು.

"ನಾಳೆ ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ತೆರೆಯುತ್ತದೆ, ಅಕ್ಕೋರೆ."

ಅವರು ಕಣ್ಣು ಮುಚ್ಚಿದರು. ಪಾರೂಬಾಯಿ ಸೆರಗಿನಿಂದ ಅಕ್ಕನ ಕಿವಿಯ ಬಳಿಯ ನೀರು ಒರೆಸಿ, "ವಿಶ್ರಾಮ್ ಅನ್ರಿ ಸರ ಯಾರಾದ್ರೂ. ಇಲ್ಲಂದ್ರ ಇಕಿ ಸಂಜೀತನಕ ಹಿಂಗs ಬಿದ್ದಿರತಾಳ," ಎಂದರು.

ಅನ್ನುವ ಅಧಿಕಾರ ನನಗಿದೆ ಎನ್ನಿಸಲಿಲ್ಲ. ಪಾರೂಬಾಯಿಯೇ ಅಂದರು. ಮುಷ್ಟಿಗಳು ಬಿಚ್ಚಿಕೊಂಡವು.

*

ಮರುದಿನ ಶನಿವಾರ. ಆರೂ ಹತ್ತಕ್ಕೆ ಸಂದೇಶ ಬಂತು: 4417, ಗುಳಿಗೆ ತೆಗೆದುಕೊಂಡಿದ್ದಾರೆ. ನನಗೆ ರಜೆ. ಆದರೂ ಎಂಟಕ್ಕೆ ಮೊದಲೇ ಒಂದು ಪಟ್ಟಿ ಕಟ್ಟಿಕೊಂಡು ನನ್ನ ಕೋಣೆಯ ಕಿಟಕಿಯ ಬಳಿ ನಿಂತೆ. ಎರಡು ಓಣಿಯಾಚೆ ಒಂದು ಶಾಲೆಯಿದೆ. ಬೆಟಗೇರಿಯಲ್ಲಿ ಈಗ ಅವರು ಅಳತೆಯ ಹಂಗಿಲ್ಲದೆ ಕಿಟಕಿಗೆ ಮುಖ ಮಾಡಿ ನಿಂತಿರುತ್ತಾರೆ, ಹೊಲಿಗೆ ಯಂತ್ರ ನಿಂತಿರುತ್ತದೆ.

ಪ್ರತಿಜ್ಞೆ ಮುಗಿಯಿತು. ಮಕ್ಕಳು ಸುಮ್ಮನಾದರು.

ಕೈಯಲ್ಲಿದ್ದ ಪರದೆಯನ್ನು ನಾನು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಯಾರೂ ಇನ್ನೂ ಏನೂ ಹೇಳಿರಲಿಲ್ಲ, ಪಟ್ಟಿಯ ಅಡಿಯಲ್ಲಿ ನನ್ನ ಹೃದಯ ಆಗಲೇ ಎದ್ದು ನಿಂತಿತ್ತು.